ಕಂಪ್ಯೂಟರ್ ಹೆಚ್ಚಿಸಿದರೆ ಸಾಲದೇ?

ಪತ್ರ: ಕಳೆದ ಸಂಚಿಕೆಯಲ್ಲಿ, ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಯಂತ್ರವಾದ ಎಲ್‌ಎಚ್‌ಸಿಯಲ್ಲಿ ‘ಸೆಕೆಂಡಿಗೆ 4 ಕೋಟಿ ಡಿಕ್ಕಿ’ ಎಂದು ಬರೆದಿದ್ದೀರಿ. ಅದನ್ನೂ ಹೆಚ್ಚಿಸುತ್ತಾರಂತೆ. ಮಾಹಿತಿ ಹೆಚ್ಚಾದರೆ ಕಂಪ್ಯೂಟರ್ ಹೆಚ್ಚಿಸಿದರಾಯಿತು. ಚೆನ್ನಾಗಿಯೇ ನಡೆಯುತ್ತಿರುವ ಅಲ್ಲಿನ ಸಿಎಂಎಸ್ ಶೋಧಕದ (ಡಿಕ್ಕಿಯಿಂದ ಸಿಡಿಯುವ ಕಣಗಳನ್ನು ಗುರುತಿಸುವ ಯಂತ್ರದ) ಒಳಗನ್ನು ಕಿತ್ತು ಹೊಸದು ಕೂರಿಸುವುದು ದುಂದುವೆಚ್ಚವಲ್ಲವೇ?
— ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ: ಮಾನ್ಯರೇ, ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. 4 ಕೋಟಿ ಎಂಬುದು ಡಿಕ್ಕಿಗಳ ಎಣಿಕೆಯಲ್ಲ. ಪ್ರೋಟಾನ್ ಗುಂಪುಗಳು 25 ನ್ಯಾನೊಸೆಕೆಂಡಿಗೊಮ್ಮೆ ಎದುರುಬದುರಾಗಿ ಹಾಯುವ ಲೆಕ್ಕ ಅದು. ಒಮ್ಮೆ ಹಾಯ್ದಾಗ ಈಗ ಸುಮಾರು 60 ಡಿಕ್ಕಿಗಳಾಗುತ್ತವೆ; 2030ಕ್ಕೆ ಶುರುವಾಗಬೇಕಿರುವ ಹೊಸ ಹಂತದಲ್ಲಿ 140ರಿಂದ 200 ಆಗಲಿವೆ. ಗುಂಪುಗಳು ಹಾಯುವ ವೇಗ ಬದಲಾಗುವುದಿಲ್ಲ, ಪ್ರತಿ ಸಲದ ಗದ್ದಲ ಹೆಚ್ಚುತ್ತದೆ.

ಆ ಗದ್ದಲವೆಲ್ಲ ಕಂಪ್ಯೂಟರ್‌ಗಳವರೆಗೆ ಬರುವುದೇ ಇಲ್ಲ. ಶೋಧಕದ ಮೊದಲ ಹಂತದ ಟ್ರಿಗರ್ ಎಂಬ ಜರಡಿ ಆ 4 ಕೋಟಿಯಲ್ಲಿ ಸುಮಾರು 1 ಲಕ್ಷವನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಚೆಲ್ಲಿಬಿಡುತ್ತದೆ. ಒಂದೊಂದು ತೀರ್ಮಾನಕ್ಕೂ ಸಿಗುವ ಗಡುವು ಸುಮಾರು 4 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಕಣಗಳ ಶಕ್ತಿ ಅಳೆಯುವ ಕ್ಯಾಲೊರಿಮೀಟರ್ ಮತ್ತು ಮ್ಯುವಾನ್ ಎಂಬ ಕಣಗಳನ್ನು ಗುರುತಿಸುವ ಶೋಧಕಗಳ ಒರಟು ಚಿತ್ರ ಮಾತ್ರ ಸಿಗುತ್ತದೆ. ಕಣದ ಜಾಡು ಬಲ್ಲ ಟ್ರ್ಯಾಕರ್‌ಗೆ ಅಲ್ಲಿ ಬಾಯಿಲ್ಲ. 200 ಡಿಕ್ಕಿಗಳ ನಡುವೆ ಹೀಗೇ ಆರಿಸಹೊರಟರೆ 1 ಲಕ್ಷದ ಮಿತಿಯೊಳಗೆ ಇರಲು ಜರಡಿಯನ್ನು ಬಿಗಿ ಮಾಡಲೇಬೇಕು. ಆಗ ಹಿಗ್ಸ್ ಕಣದ ಎಷ್ಟೋ ಗುರುತುಗಳು ಚೆಲ್ಲಿದ್ದರ ಜೊತೆಯೇ ಹೋಗುತ್ತವೆ. ಜರಡಿಯ ಆಚೆ ಕಂಪ್ಯೂಟರ್ ಎಷ್ಟಿದ್ದರೇನು?

ಹಾಗಾಗಿ ಹೊಸ ಟ್ರ್ಯಾಕರ್ ತಾನೇ ತೀರ್ಮಾನದಲ್ಲಿ ಪಾಲುಗೊಳ್ಳಬೇಕು. ಇದಕ್ಕೆ ಹೂಡಿರುವ ಉಪಾಯ ಈ ಇಡೀ ಕೆಲಸದಲ್ಲೇ ಅತ್ಯಂತ ಜಾಣತನದ್ದು ಎಂದು ನಮ್ಮ ಅಭಿಪ್ರಾಯ. ಹೊರ ಟ್ರ್ಯಾಕರ್‌ನ ಪ್ರತಿ ಮಾಡ್ಯೂಲ್‌ನಲ್ಲಿ ಎರಡು ಸಿಲಿಕಾನ್ ಸಂವೇದಕಗಳು ಒಂದರ ಮೇಲೊಂದು ಇರುತ್ತವೆ, ನಡುವೆ 1.6ರಿಂದ 4 ಮಿ.ಮೀ. ಸಂದು. 3.8 ಟೆಸ್ಲಾ ಕಾಂತಕ್ಷೇತ್ರದಲ್ಲಿ 2 ಜಿಇವಿ ಆವೇಗದ ಕಣ 1.75 ಮೀಟರ್ ತ್ರಿಜ್ಯದಲ್ಲಿ ಬಾಗುತ್ತದೆ. ಶೋಧಕದ ನಡು ಅಕ್ಷದಿಂದ 70 ಸೆಂ.ಮೀ. ಆಚೆ, 1.8 ಮಿ.ಮೀ. ಸಂದು ದಾಟುವಷ್ಟರಲ್ಲಿ ಅದು ಪಕ್ಕಕ್ಕೆ 0.37 ಮಿ.ಮೀ. ಸರಿದಿರುತ್ತದೆ. 90 ಮೈಕ್ರಾನಿಗೊಂದು ಪಟ್ಟಿ ಎಂದರೆ ಅದು ನಾಲ್ಕು ಪಟ್ಟಿ. ಅದಕ್ಕಿಂತ ಹೆಚ್ಚು ಸರಿದರೆ ಆವೇಗ ಕಡಿಮೆ, ಬಿಟ್ಟುಬಿಡು. ಕಡಿಮೆ ಸರಿದರೆ ಟ್ರಿಗರ್‌ಗೆ ಕಳುಹಿಸು. ಇಷ್ಟನ್ನು ಮಾಡ್ಯೂಲ್‌ನ ಚಿಪ್ಪೇ ನಿರ್ಧರಿಸುತ್ತದೆ.

ಹೀಗೆ ಬಂದ ತುಣುಕುಗಳನ್ನು ಜೋಡಿಸಿ ಜಾಡು ಕಟ್ಟಲು ಸಮಯ ಬೇಕು. ಅದಕ್ಕೆ ಗಡುವನ್ನು 12.5 ಮೈಕ್ರೊಸೆಕೆಂಡಿಗೂ, ಆಯ್ಕೆಯನ್ನು ಸೆಕೆಂಡಿಗೆ 7.5 ಲಕ್ಷಕ್ಕೂ ಏರಿಸುತ್ತಾರೆ. ಗಡುವು ಬೆಳೆದರೆ ತೀರ್ಪು ಬರುವವರೆಗೆ ಪ್ರತಿ ಚಿಪ್ 500 ಹಾಯುವಿಕೆಗಳ ಮಾಹಿತಿ ಹಿಡಿದಿಟ್ಟು ಕಾಯಬೇಕು. ಈಗಿನ ಗಡುವಿಗೆ ಸುಮಾರು 160 ಸಾಕಿತ್ತು. ಹೀಗಾಗಿ ಕೆಡದಿರುವ ಭಾಗಕ್ಕೂ ಕೈ ಹಾಕಬೇಕಾಯಿತು. ಮಧ್ಯಭಾಗದ ಕ್ಯಾಲೊರಿಮೀಟರ್‌ನ 61,200 ಸೀಸದ ಟಂಗ್‌ಸ್ಟೇಟ್ ಹರಳುಗಳು ಹಾಗೇ ಉಳಿಯುತ್ತವೆ, ಆದರೆ ಅವುಗಳ ಎಲೆಕ್ಟ್ರಾನಿಕ್ಸ್ ಬದಲಿಸಲು ಅವನ್ನು ಕೂರಿಸಿರುವ 36 ಸೂಪರ್‌ಮಾಡ್ಯೂಲ್‌ಗಳನ್ನೂ ಹೊರಗೆಳೆಯಬೇಕು. ದೊಡ್ಡ ಕಾಂತವೂ ಅದರ ಸುತ್ತಲಿನ ಉಕ್ಕೂ ಹಳೆಯವೇ. ಎಲ್ಲವನ್ನೂ ಕೀಳುತ್ತಾರೆ ಎಂಬ ನಿಮ್ಮ ಅಂದಾಜು ಅಷ್ಟರಮಟ್ಟಿಗೆ ಸರಿಯಲ್ಲ.

ಜಾಡು ಸಿಕ್ಕರೂ ಒಂದು ತೊಡಕು ಉಳಿಯುತ್ತದೆ. 200 ಡಿಕ್ಕಿಗಳು ಕೆಲವೇ ಸೆಂಟಿಮೀಟರ್ ಉದ್ದದಲ್ಲಿ ಒತ್ತೊತ್ತಾಗಿರುವುದರಿಂದ ಯಾವ ಜಾಡು ಯಾವ ಡಿಕ್ಕಿಯದು ಎಂಬುದು ಕಲಸಿಹೋಗುತ್ತದೆ. ಅವೆಲ್ಲ ಒಂದೇ ಕ್ಷಣದಲ್ಲಿ ಆಗುವುದಿಲ್ಲ, ಸುಮಾರು 200 ಪಿಕೊಸೆಕೆಂಡ್‌ಗಳಷ್ಟು ಹಿಂದುಮುಂದು ಇರುತ್ತದೆ. 30–40 ಪಿಕೊಸೆಕೆಂಡ್ ನಿಖರತೆಯ ಸಮಯಮಾಪಕ ಪದರವೊಂದನ್ನು ಸೇರಿಸಿದರೆ ಗೋಜಲು ಹೆಚ್ಚುಕಡಿಮೆ ಇಂದಿನ ಮಟ್ಟಕ್ಕೆ ಇಳಿಯುತ್ತದೆ.

ಎರಡೂ ತುದಿಗಳ ಕ್ಯಾಲೊರಿಮೀಟರ್‌ಗಳ ಕಥೆ ಬೇರೆ. ಅವು ವಿಕಿರಣಕ್ಕೆ ಸಿಕ್ಕಿ ನಿಜಕ್ಕೂ ಸವೆಯುತ್ತಿವೆ. ಹರಳುಗಳು ಮಂಕಾಗಿ ಬೆಳಕು ಕುಗ್ಗುತ್ತಿದೆ. ಅಲ್ಲಿಗೆ ಬರುವುದು 600 ಚದರ ಮೀಟರ್‌ಗೂ ಹೆಚ್ಚು ಸಿಲಿಕಾನ್, ಸುಮಾರು 60 ಲಕ್ಷ ಚಾನೆಲ್. ಅದರ ಕೆಲವು ಮಾಡ್ಯೂಲ್‌ಗಳನ್ನು ಜೋಡಿಸುವ ಕೆಲಸ ಮುಂಬಯಿಯ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ಗೂ ಬಂದಿದೆ. ವಿಕಿರಣ ತಿಂದ ಸಿಲಿಕಾನ್‌ನಲ್ಲಿ ಸೋರುವ ವಿದ್ಯುತ್ತು ಪ್ರತಿ 7 ಡಿಗ್ರಿಗೆ ಸುಮಾರು ಇಮ್ಮಡಿಯಾಗುತ್ತದೆ: ಸೋರಿಕೆಯಿಂದ ಬಿಸಿ, ಬಿಸಿಯಿಂದ ಮತ್ತಷ್ಟು ಸೋರಿಕೆ. ಅದನ್ನು ತಡೆಯಲು ಕೊಳವೆಗಳಲ್ಲಿ ದ್ರವ ಇಂಗಾಲದ ಡೈಆಕ್ಸೈಡ್ ಆವಿಯಾಗಿಸಿ ಮೈನಸ್ 30 ಡಿಗ್ರಿಯ ಆಸುಪಾಸಿನಲ್ಲಿಡಬೇಕು. ಒಳಗಿನ ಗಾಳಿ ಒಣಗಿರದಿದ್ದರೆ ಹಿಮ ಕಟ್ಟುತ್ತದೆ. ಚಳಿಗೂ ತನ್ನದೇ ಕಾಟವಿದೆ. ಎಲ್‌ಎಚ್‌ಸಿಯ ಇನ್ನೊಂದು ಶೋಧಕವಾದ ಅಟ್ಲಾಸ್‌ನ ಹೊಸ ಪಟ್ಟಿ ಮಾಡ್ಯೂಲ್‌ಗಳ ಸಿಲಿಕಾನ್ ಪರೀಕ್ಷೆಯ ವೇಳೆ ತಣ್ಣಗಾದಾಗ ಬಿರುಕುಬಿಟ್ಟಿತು, ಏಕೆಂದರೆ ಸಿಲಿಕಾನ್ ಮತ್ತು ಅದಕ್ಕೆ ಅಂಟಿಸಿದ ಸರ್ಕ್ಯೂಟ್ ಹಾಳೆ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ನಡುವೆ ಕ್ಯಾಪ್ಟಾನ್ ಎಂಬ ಪ್ಲಾಸ್ಟಿಕ್ಕಿನ ಪದರವನ್ನು ಮೆತ್ತನೆಯ ಅಂಟಿನೊಂದಿಗೆ ಸೇರಿಸಿ ಅದನ್ನು ಸರಿಪಡಿಸಬೇಕಾಯಿತು.

ಇಲ್ಲಿ ನಮ್ಮೂರಿನ ಪಾಲೂ ಇದೆ. ತುದಿಭಾಗದ ಹರಳುಗಳ ಮುಂದಿರುವ ಪ್ರೀಶವರ್ ಎಂಬ ಶೋಧಕ ಪದರಕ್ಕೆ ಭಾರತ ಕೊಟ್ಟ ಸುಮಾರು 1,000 ಸಿಲಿಕಾನ್ ಸಂವೇದಕಗಳನ್ನು ತಯಾರಿಸಿದ್ದು ಬೆಂಗಳೂರಿನ ಬಿಇಎಲ್, ಬಾರ್ಕ್ ಜೊತೆಗೂಡಿ. ಪ್ರತಿಯೊಂದರಲ್ಲೂ 32 ಪಟ್ಟಿಗಳು. ಹಳೆಯ ತುದಿಭಾಗದೊಂದಿಗೆ ಅವೂ ಹೊರಬರುತ್ತವೆ.