ತಪಾಸಣೆಗೆ ತಡವಾಗುವುದು ಅಜ್ಞಾನದಿಂದಲೇ?

ಮಾನ್ಯರೇ,

ಶಿರಹಟ್ಟಿ ತಾಲ್ಲೂಕಿನಿಂದ ತಾವು ಬರೆದ ಪತ್ರ ತಲುಪಿದೆ. ಸರ್ಕಾರ ತಪಾಸಣೆ, ಔಷಧ, ಹೆರಿಗೆ ಎಲ್ಲವನ್ನೂ ಉಚಿತವಾಗಿ ಒದಗಿಸಿ, ಮೇಲೆ ಹಣವನ್ನೂ ಕೊಡುತ್ತಿರುವಾಗ, ಹಳ್ಳಿಯ ಬಸುರಿ ಹೆಣ್ಣುಮಕ್ಕಳು ಐದು ತಿಂಗಳು ತುಂಬುವವರೆಗೂ ಆಸ್ಪತ್ರೆಯತ್ತ ಸುಳಿಯದಿರುವುದಕ್ಕೆ ಅಜ್ಞಾನವಲ್ಲದೆ ಬೇರೆ ಕಾರಣವೇನಿದೆ ಎಂದು ಕೇಳಿದ್ದೀರಿ. ಊರೂರಿನಲ್ಲಿ ಜಾಗೃತಿ ಜಾಥಾ ನಡೆಯಬೇಕೆಂದೂ ಸೂಚಿಸಿದ್ದೀರಿ. ತಮ್ಮ ಕಳಕಳಿ ನಮ್ಮದೂ ಹೌದು. ಆದರೆ ಕಾರಣದ ವಿಷಯದಲ್ಲಿ ನಮ್ಮ ಅಭಿಪ್ರಾಯ ಬೇರೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗಿವೆ. ಕನಿಷ್ಠ ನಾಲ್ಕು ಬಾರಿ ತಪಾಸಣೆ ಮಾಡಿಸಿಕೊಂಡ ತಾಯಂದಿರು ಮಾತ್ರ ಸುಮಾರು ಶೇ. 70. ಅಜ್ಞಾನವೇ ಮೂಲವಾಗಿದ್ದರೆ ಉಳಿದವರು ಹೆರಿಗೆಗೂ ಆಸ್ಪತ್ರೆಗೆ ಬರುತ್ತಿರಲಿಲ್ಲ. ನೋವು ಕಾಣಿಸಿಕೊಂಡಾಗ ಮನೆಯವರೆಲ್ಲ ಎದ್ದು ನಿಲ್ಲುತ್ತಾರೆ, 108ಕ್ಕೆ ಕರೆ ಹೋಗುತ್ತದೆ. ಮೂರನೆಯ ತಿಂಗಳಲ್ಲಿ ಅಂಥ ಅವಸರ ಯಾರಿಗೂ ಕಾಣುವುದಿಲ್ಲ. ಕಾಣುವುದು ಆ ದಿನದ ಕೂಲಿ.

ಈ ಕೂಲಿಯ ಲೆಕ್ಕವನ್ನು ನಾವು ಹಗುರವಾಗಿ ನೋಡಬಾರದು. ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುವ, ರಾಣೆಬೆನ್ನೂರಿನ ಕಡೆ ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನ ಕೆಲಸ ಮಾಡುವ ಹೆಂಗಸಿಗೆ ಹಂಗಾಮು ಮುಗಿದರೆ ಆ ದುಡಿಮೆಯೂ ಮುಗಿಯಿತು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಬಂದ 26 ವಾರಗಳ ವೇತನಸಹಿತ ಹೆರಿಗೆ ರಜೆ ಅವಳ ಹೊಲದ ಬದುವಿನವರೆಗೆ ಬರುವುದಿಲ್ಲ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಆಸ್ಪತ್ರೆಯ ಬಿಲ್ಲನ್ನು ಇಳಿಸಿದೆ, 2023ರ ಶಕ್ತಿ ಯೋಜನೆ ಬಸ್ಸಿನ ಟಿಕೆಟನ್ನೂ ಇಳಿಸಿದೆ. ಇವೆರಡೂ ದೊಡ್ಡ ಉಪಕಾರಗಳೇ ಸರಿ. ಆದರೂ ಅವಳ ಕೂಲಿ, ಜೊತೆಗೆ ಬರುವವರ ಕೂಲಿ, ಹಿರಿಯ ಮಗುವನ್ನು ನೋಡಿಕೊಳ್ಳುವವರ ಚಿಂತೆ ಹಾಗೆಯೇ ಉಳಿಯುತ್ತವೆ. ಗರ್ಭಿಣಿಯರಿಗೆ ಕಂತುಗಳಲ್ಲಿ ಹಣ ಕೊಡುವ ಮಾತೃವಂದನಾ ಯೋಜನೆಯ ಮೊದಲ ಕಂತು ನೋಂದಣಿ ಮತ್ತು ತಪಾಸಣೆ ಆದ ಮೇಲೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ಬರುವಂಥದ್ದು. ಮೊದಲು ಕೈಯಿಂದ ಕಳೆದುಕೊಳ್ಳಬೇಕಾದವಳು ಅವಳೇ.

ಇನ್ನು ಹೋಗಬೇಕೋ ಬೇಡವೋ ಎಂದು ನಿರ್ಧರಿಸುವವರು ಯಾರು? ಬಹಳಷ್ಟು ಮನೆಗಳಲ್ಲಿ ಆ ಮಾತು ಅತ್ತೆಯದು, ದುಡ್ಡು ಗಂಡನ ಕೈಯಲ್ಲಿರುತ್ತದೆ. ಅತ್ತೆ ತಾನು ಹೆತ್ತ ಕಾಲವನ್ನು ನೆನೆದು "ನಮಗೆಲ್ಲ ಯಾವ ತಪಾಸಣೆ ಇತ್ತು" ಎಂದರೆ, ಹದಿನೆಂಟು ತುಂಬಿದೊಡನೆ ಮದುವೆಯಾಗಿ ಬಂದ ಸೊಸೆ ಎದುರಾಡುವುದು ಹೇಗೆ? ಕುಬಸ, ಅಂದರೆ ಸೀಮಂತ, ಆದ ಮೇಲೆ ಅವಳು ತವರಿಗೆ ಹೋಗುತ್ತಾಳೆ. ಅಲ್ಲಿ ಆಶಾ ಕಾರ್ಯಕರ್ತೆ ಬೇರೆ, ಆರೋಗ್ಯ ಉಪಕೇಂದ್ರ ಬೇರೆ, ತಪಾಸಣೆಯ ವಿವರ ಬರೆದಿಡುವ ತಾಯಿ ಕಾರ್ಡ್ ಕೆಲವೊಮ್ಮೆ ಗಂಡನ ಮನೆಯ ಟ್ರಂಕಿನಲ್ಲೇ ಉಳಿದಿರುತ್ತದೆ. ದುಡಿಯಲು ಗೋವಾಕ್ಕೆ ಹೋಗುವ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟದ್ದು.

ಇಷ್ಟು ವಿಸ್ತಾರವಾಗಿ ಬರೆಯುವುದಕ್ಕೆ ಕಾರಣವಿದೆ. ರಕ್ತಹೀನತೆ ಬಾರದಂತೆ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ಕನಿಷ್ಠ 180 ದಿನ ನುಂಗಬೇಕು; ಏಳನೆಯ ತಿಂಗಳಲ್ಲಿ ಬಂದವಳಿಗೆ ಹೆರಿಗೆಗೆ ಮೊದಲು ಅಷ್ಟು ದಿನಗಳು ಉಳಿದಿರುವುದಿಲ್ಲ. ಏರುತ್ತಿರುವ ರಕ್ತದೊತ್ತಡವೂ ಆರಂಭದಲ್ಲಿ ನೋವು ಕೊಡುವುದಿಲ್ಲ, ಅಳೆದರೆ ಮಾತ್ರ ತಿಳಿಯುತ್ತದೆ. ಕೊನೆಯ ಗಳಿಗೆಯಲ್ಲಿ ಹುಬ್ಬಳ್ಳಿಗೆ ಧಾವಿಸಿದರೂ, ತಿಂಗಳುಗಟ್ಟಲೆ ಕಳೆದುಕೊಂಡ ಕಾಲವನ್ನು ಅಲ್ಲಿನ ವೈದ್ಯರು ಮರಳಿ ಕೊಡಲಾರರು.

ಜಾಥಾ ಬೇಡವೆಂದು ನಾವು ಹೇಳುವುದಿಲ್ಲ. ನಡೆಸುವುದಾದರೆ ಗಂಡಸರನ್ನೂ ಅತ್ತೆಯಂದಿರನ್ನೂ ಮುಂದೆ ಕೂರಿಸಿಕೊಳ್ಳಿ. ಅದಕ್ಕಿಂತ ಮೊದಲು, ತಮ್ಮ ಊರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಗೆ ಹೋಗಿ, ಉಪಕೇಂದ್ರದ ತಪಾಸಣೆಯನ್ನು ಕೂಲಿಗೆ ಬಿಡುವಿರುವ ಸಂತೆಯ ದಿನಕ್ಕೆ ಇಡಿಸಲು ಸಾಧ್ಯವೇ ಎಂದು ಕೇಳಬೇಕೆಂದು ವಿನಂತಿಸುತ್ತೇವೆ. ಸಮಿತಿ ಏನು ಹೇಳಿತೆಂದು ತಾವು ಬರೆದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ