ಆ ಕೋಳಿಯನ್ನು ಯಾಕೆ ಬಿಟ್ಟಿರಿ?

ನಮಸ್ಕಾರ.

ಜಾನೆಟ್ ಇವಾನೊವಿಚ್ ಬರೆದ ಸ್ಟೆಫನಿ ಪ್ಲಮ್ ಪತ್ತೇದಾರಿ ಕಾದಂಬರಿಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಬಸ್ಸಿನಲ್ಲಿ, ಎರಡನೇ ಸಲ ಪೆನ್ಸಿಲ್ ಹಿಡಿದು. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೇ ಸಾಲಿನ ತನಕ ನಿಮ್ಮನ್ನು ಕಾಯಿಸುವುದು ಬೇಡ. ಆದರೆ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಈ ಪುಸ್ತಕಗಳ ಹುಚ್ಚು ನನಗೂ ಇದೆ. ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದಂಗಡಿಯಲ್ಲಿ ಒಂದು ಮಳೆಗಾಲದ ಸಂಜೆ ಈ ಸರಣಿಯ ಎರಡನೆಯದು ಸಿಕ್ಕಿತ್ತು. ಅಂಗಡಿಯವರು ಬಾಗಿಲು ಹಾಕುವ ಹೊತ್ತಿಗೆ ನಾನಿನ್ನೂ ಅಲ್ಲೇ ಮೂಲೆಯಲ್ಲಿ ನಿಂತು ಓದುತ್ತಿದ್ದೆ.

ನಿಮ್ಮ ಲೇಖನದಲ್ಲಿ ‘ನಕ್ಕು ನಕ್ಕು ಸಾಕಾಯಿತು’ ಅನ್ನುವ ಮಾತು ಐದು ಸಲ ಬಂದಿದೆ. ಎಣಿಸಿದ್ದೇನೆ. ‘ಅದ್ಭುತ’ ಒಂಬತ್ತು ಸಲ. ಆದರೆ ನಾನು ಒಂದು ಸಲವೂ ನಗಲಿಲ್ಲ. ನೀವು ನಕ್ಕಿದ್ದು ನಿಜ, ಅದರಲ್ಲಿ ಅನುಮಾನ ಇಲ್ಲ. ಯಾವುದಕ್ಕೆ ನಕ್ಕಿರಿ ಅನ್ನೋದನ್ನೇ ಬಚ್ಚಿಟ್ಟಿದ್ದೀರಿ. ಮದುವೆ ಊಟ ಚೆನ್ನಾಗಿತ್ತು ಅಂತ ಬಂದು ಹೇಳಿ, ಏನು ಬಡಿಸಿದರು ಅಂತ ಕೇಳಿದರೆ ಮತ್ತೆ ‘ತುಂಬಾ ಚೆನ್ನಾಗಿತ್ತು’ ಅನ್ನುವವರ ಹಾಗೆ.

ಮೊದಲ ಪುಸ್ತಕ ‘ಒನ್ ಫಾರ್ ದ ಮನಿ’ಯನ್ನೇ ತಗೊಳ್ಳಿ. ಅಪ್ಪ ಅಮ್ಮನ ಮನೆಯಲ್ಲಿ ಊಟಕ್ಕೆ ಕೂತಿದ್ದಾರೆ. ಸ್ಟೆಫನಿಯ ಬ್ಯಾಗಿನಲ್ಲಿ ಹೊಸ ಕೆಲಸಕ್ಕೆಂದು ತಗೊಂಡ ಪಿಸ್ತೂಲು. ಅಜ್ಜಿ, ಅಂದರೆ ಗ್ರ್ಯಾಂಡ್‌ಮಾ ಮಜೂರ್, ಅದನ್ನು ಕೈಗೆ ತಗೊಳ್ಳುತ್ತಾಳೆ. ಢಮ್! ಗುಂಡು ಹೋಗಿ ಬಿದ್ದದ್ದು ಮೇಜಿನ ಮೇಲೆ ಹುರಿದಿಟ್ಟಿದ್ದ ಇಡೀ ಕೋಳಿಯ ಹಿಂಭಾಗಕ್ಕೆ. ಇದು ನಿಮಗೆ ನೆನಪಿಲ್ಲದೆ ಇರಲು ಸಾಧ್ಯವೇ ಇಲ್ಲ. ಮತ್ತೆ ಲೇಖನದಲ್ಲಿ ಯಾಕಿಲ್ಲ? ‘ಅಜ್ಜಿಯ ಪಾತ್ರವು ಹಾಸ್ಯಕ್ಕೆ ಹೇಳಿ ಮಾಡಿಸಿದಂತಿದೆ’ ಅಂತ ಒಂದು ಸಾಲು ಬರೆದು ದಾಟಿಬಿಟ್ಟಿದ್ದೀರಿ. ಕೋಳಿಯನ್ನು ಹಾಕಿ, ಆ ಸಾಲನ್ನು ತೆಗೆಯಿರಿ.

ಆ ಕೋಳಿ ಯಾಕೆ ಕೆಲಸ ಮಾಡುತ್ತದೆ ಅಂತಲೂ ಸ್ವಲ್ಪ ಯೋಚಿಸಿ. ಪತ್ತೇದಾರಿ ಕಾದಂಬರಿಯಲ್ಲಿ ಪಿಸ್ತೂಲು ಬಂದರೆ ಹೆಣ ಬೀಳಬೇಕು ಅಂತ ನಾವು ಕಾಯುತ್ತೇವೆ. ಇಲ್ಲಿ ಅದು ಊಟದ ಮನೆಗೆ ಬಂದಿದೆ. ಆರು ಗಂಟೆಗೆ ಸರಿಯಾಗಿ ಊಟ ಬಡಿಸಬೇಕು, ತಡವಾದರೆ ಮಾಂಸ ಒಣಗುತ್ತದೆ ಅಂತ ಒದ್ದಾಡುವ ಅಮ್ಮನ ಮನೆಗೆ. ಮಗಳ ಕೈಗೆ ಪಿಸ್ತೂಲು ಬಂತಲ್ಲ ಅನ್ನೋದಕ್ಕಿಂತ ಬೀದಿಯವರು ಏನಂದುಕೊಂಡಾರು ಅನ್ನುವ ಚಿಂತೆಯೇ ಆ ತಾಯಿಗೆ ಜಾಸ್ತಿ. ಕೊಲೆಗಾರನೊಬ್ಬ ಹೊರಗೆ ಓಡಾಡಿಕೊಂಡಿದ್ದಾನೆ, ಒಳಗೆ ಸಾರು ಆರುತ್ತಿದೆ. ಎರಡಕ್ಕೂ ಲೇಖಕಿ ಒಂದೇ ತೂಕ ಕೊಡುತ್ತಾಳೆ. ನನ್ನ ಪ್ರಕಾರ ಇಡೀ ಸರಣಿಯ ಗುಟ್ಟು ಇದೇ. ನಿಮ್ಮ ಲೇಖನ ಇದರ ಸುತ್ತ ನಿಲ್ಲಬೇಕಿತ್ತು.

ಈಗ ತಪ್ಪುಗಳಿಗೆ ಬರೋಣ. ‘ಪೊಲೀಸ್ ಅಧಿಕಾರಿ ಸ್ಟೆಫನಿ’ ಅಂತ ಒಂದು ಕಡೆ ಬರೆದಿದ್ದೀರಿ. ಅವಳು ಪೊಲೀಸ್ ಅಲ್ಲ. ಸಂಬಳವೂ ಇಲ್ಲ. ಜಾಮೀನಿನ ಮೇಲೆ ಹೊರಬಂದು ಓಡಿಹೋದವರನ್ನು ಹಿಡಿದು ತಂದರೆ ಕಮಿಷನ್, ಇಲ್ಲದಿದ್ದರೆ ಏನೂ ಇಲ್ಲ. ಇನ್ನೊಂದು ಕಡೆ ‘ಬಹುಮಾನ ಬೇಟೆಗಾರ್ತಿ’ ಅಂದಿದ್ದೀರಿ. ಓದಿದ ತಕ್ಷಣ ದಸರಾ ಲಕ್ಕಿ ಡ್ರಾ ನೆನಪಾಯಿತು. ಬೌಂಟಿ ಹಂಟರ್ ಅಂತಲೇ ಇಟ್ಟುಕೊಳ್ಳಿ, ಅದು ಏನು ಅಂತ ಮಾತ್ರ ಸರಿಯಾಗಿ ಬಿಡಿಸಿ ಹೇಳಿ. ಇದು ಗೊತ್ತಿಲ್ಲದಿದ್ದರೆ ಕನ್ನಡದ ಓದುಗರಿಗೆ ಕತೆಯೇ ಅರ್ಥವಾಗುವುದಿಲ್ಲ.

ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಜಾಮೀನು ಒಂದು ವ್ಯಾಪಾರ. ಕೋರ್ಟು ಒಬ್ಬನಿಗೆ ಒಂದು ಲಕ್ಷ ಡಾಲರ್ ಜಾಮೀನು ಹೇಳಿತು ಅಂತಿಟ್ಟುಕೊಳ್ಳಿ. ಅಷ್ಟು ದುಡ್ಡು ಯಾರ ಹತ್ತಿರ ಇರುತ್ತದೆ? ಅವನು ಜಾಮೀನು ಏಜೆಂಟನ ಹತ್ತಿರ ಹೋಗಿ ಶೇಕಡಾ 10, ಅಂದರೆ 10 ಸಾವಿರ ಕಟ್ಟುತ್ತಾನೆ. ಆ ದುಡ್ಡು ವಾಪಸ್ ಬರುವುದಿಲ್ಲ, ಅದೇ ಏಜೆಂಟನ ಸಂಪಾದನೆ. ಪೂರ್ತಿ ಒಂದು ಲಕ್ಷಕ್ಕೆ ಕೋರ್ಟಿನ ಮುಂದೆ ಏಜೆಂಟ್ ಹೊಣೆ. ಆಸಾಮಿ ವಾಯಿದೆಯ ದಿನ ನಾಪತ್ತೆಯಾದರೆ ಲಕ್ಷ ಹೋಯಿತು. ಅದಕ್ಕೇ ಏಜೆಂಟ್ ತನ್ನ ಕಡೆಯವರನ್ನು ಹುಡುಕಲು ಬಿಡುತ್ತಾನೆ. ಇವರೇ ಬೌಂಟಿ ಹಂಟರ್‌ಗಳು. 1872ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ‘ಟೇಲರ್ ವರ್ಸಸ್ ಟೇಂಟರ್’ ಪ್ರಕರಣದಲ್ಲಿ, ಜಾಮೀನು ಕೊಟ್ಟವನ ಕಡೆಯವರು ಓಡಿಹೋದವನನ್ನು ಬೇರೆ ರಾಜ್ಯಕ್ಕೂ ಹೋಗಿ ಹಿಡಿಯಬಹುದು, ಬೇಕಾದರೆ ಅವನ ಮನೆಗೂ ನುಗ್ಗಬಹುದು ಅಂತ ಹೇಳಿತ್ತು.

ಮೊದಲ ಪುಸ್ತಕದ ಲೆಕ್ಕವೂ ಹೀಗೇ. ಓಡಿಹೋದವನು ಜೋ ಮೊರೆಲ್ಲಿ. ಅವನೇ ಪೊಲೀಸ್, ಅವನ ಮೇಲೇ ಕೊಲೆ ಆರೋಪ. ಜಾಮೀನು ಒಂದು ಲಕ್ಷ, ಹಿಡಿದು ತಂದರೆ ಸ್ಟೆಫನಿಗೆ 10 ಸಾವಿರ. ಕೂತು ಕೂಡಿ ಕಳೆದು ನೋಡಿ. ಏಜೆಂಟನ ಸಂಪಾದನೆ ಪೂರ್ತಿ ಅವಳ ಕೈಗೇ ಹೋಗುತ್ತದೆ. ಲಾಭ ಸೊನ್ನೆ, ಆದರೆ ಲಕ್ಷ ಉಳಿಯಿತಲ್ಲ! ಏಜೆಂಟ್ ವಿನ್ನಿ ಅವಳ ಕಸಿನ್ ಬೇರೆ. ಸುಮ್ನೆ ಕೆಲಸ ಕೊಟ್ಟವನಲ್ಲ. ಅವನ ಗುಟ್ಟೊಂದನ್ನು ಬಯಲು ಮಾಡುತ್ತೇನೆ ಅಂತ ಹೆದರಿಸಿ ಇವಳೇ ಕಿತ್ತುಕೊಂಡ ಕೆಲಸ.

ಅವಳು ಈ ಕೆಲಸಕ್ಕೆ ಬಂದದ್ದು ನ್ಯಾಯ ಕಾಪಾಡಲು ಅಂತ ನೀವು ಬರೆದದ್ದು ಓದಿ ನಿಜಕ್ಕೂ ಬೇಜಾರಾಯಿತು. ಒಳಉಡುಪು ಕಂಪನಿಯೊಂದರಲ್ಲಿ ಖರೀದಿ ಕೆಲಸದಲ್ಲಿದ್ದಳು, ಅದು ಹೋಯಿತು. ಮನೆಯ ಸಾಮಾನು ಒಂದೊಂದಾಗಿ ಮಾರಿದಳು. ಕಂತು ಕಟ್ಟದೆ ಕಾರನ್ನೂ ಎಳೆದುಕೊಂಡು ಹೋದರು. ಬಾಡಿಗೆ ಬಾಕಿ. ಮನೆಯಲ್ಲಿ ಉಳಿದ ಜೀವ ಅಂದರೆ ಸೂಪಿನ ಡಬ್ಬಿಯೊಳಗೆ ಮಲಗುವ ರೆಕ್ಸ್ ಎಂಬ ಹ್ಯಾಮ್‌ಸ್ಟರ್. ಮುಂದೆ ಪಿಸ್ತೂಲು ಇಡುವ ಜಾಗ ಬಿಸ್ಕತ್ ಡಬ್ಬಿ, ಅದರಲ್ಲೂ ಎಷ್ಟೋ ಸಲ ಗುಂಡೇ ಇರುವುದಿಲ್ಲ. ನ್ಯಾಯ ಗೀಯ ಎಲ್ಲ ಆಮೇಲೆ, ಮೊದಲು ಬಾಡಿಗೆ. ಈ ತಿಂಗಳು ಹೇಗೆ ಕಳೆಯೋದು ಅಂತ ಲೆಕ್ಕ ಹಾಕಿದ ಪ್ರತಿಯೊಬ್ಬರಿಗೂ ಇವಳು ಹತ್ತಿರ ಆಗುವುದು ಇಲ್ಲೇ ಅಲ್ವಾ?

ಇನ್ನೊಂದು ಮಾತು ಸೇರಿಸಿದರೆ ಲೇಖನಕ್ಕೆ ಬಲ ಬರುತ್ತದೆ. 1982ರಲ್ಲಿ ಅಮೆರಿಕದ ಲೇಖಕಿಯರಾದ ಸಾರಾ ಪರೆಟ್ಸ್ಕಿ ಮತ್ತು ಸ್ಯೂ ಗ್ರಾಫ್ಟನ್ ಇಬ್ಬರೂ ತಮ್ಮ ತಮ್ಮ ಮಹಿಳಾ ಪತ್ತೇದಾರರನ್ನು ಕಣಕ್ಕಿಳಿಸಿದರು. ಆ ಇಬ್ಬರು ಪತ್ತೇದಾರರೂ ಕಸುಬು ಬಲ್ಲವರು. ಗಂಡಸರ ಕೆಲಸ ಹೆಂಗಸರಿಗೂ ಬರುತ್ತದೆ ಅಂತ ತೋರಿಸಬೇಕಾದ ಕಾಲ ಅದು. ಹನ್ನೆರಡು ವರ್ಷ ಬಿಟ್ಟು, 1994ರಲ್ಲಿ ಜಾನೆಟ್ ಇವಾನೊವಿಚ್ ತಂದ ಸ್ಟೆಫನಿಗೆ ಕಸುಬೇ ಗೊತ್ತಿಲ್ಲ. ಹಿಡಿಯಲು ಹೋದ ಮೊರೆಲ್ಲಿಯೇ ಒಮ್ಮೆ ಅವಳ ಮನೆಗೆ ನುಗ್ಗಿ, ಸ್ನಾನ ಮಾಡುತ್ತಿದ್ದವಳ ಕೈಗೆ ಕೋಳ ತೊಡಿಸಿ, ಬಚ್ಚಲ ಪರದೆಯ ಸರಳಿಗೇ ಬಿಗಿದು ಹೋಗುತ್ತಾನೆ. ಮೈಮೇಲೆ ಬಟ್ಟೆಯಿಲ್ಲ. ಬಿಡಿಸಲು ಯಾರಿಗೆ ಫೋನ್ ಮಾಡೋದು? ಅಮ್ಮನಿಗಂತೂ ಅಲ್ಲ. ಕೊನೆಗೆ ಕೆಲಸ ಕಲಿಸಿಕೊಡುತ್ತಿದ್ದ ರೇಂಜರ್ ಎಂಬ ಬೌಂಟಿ ಹಂಟರ್‌ಗೇ ಮಾಡುತ್ತಾಳೆ. ಮಾನ ಹೋಯಿತು, ಆದರೂ ಮರುದಿನ ಎದ್ದು ಅದೇ ಮೊರೆಲ್ಲಿಯ ಬೆನ್ನು ಹತ್ತುತ್ತಾಳೆ. ಹೆಣ್ಣಿಗೆ ದಡ್ಡತನ ಮಾಡುವ ಹಕ್ಕನ್ನೂ ಕೊಟ್ಟ ಸರಣಿ ಇದು ಅಂತ ನನಗನ್ನಿಸುತ್ತದೆ. ನೀವು ಒಪ್ಪಬೇಕಾಗಿಲ್ಲ. ಒಪ್ಪದಿದ್ದರೆ ಅದನ್ನೇ ಬರೆಯಿರಿ, ಇನ್ನೂ ಒಳ್ಳೆಯದು.

ಊರಿನ ವಿಷಯ ನೀವು ಪೂರ್ತಿ ಮರೆತಿದ್ದೀರಿ. ‘ಅಮೆರಿಕದ ಒಂದು ನಗರ’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಅದು ನ್ಯೂಜೆರ್ಸಿಯ ರಾಜಧಾನಿ ಟ್ರೆಂಟನ್. ಡೆಲವೇರ್ ನದಿಯ ಸೇತುವೆ ಮೇಲೆ ‘ಟ್ರೆಂಟನ್ ತಯಾರಿಸುತ್ತದೆ, ಜಗತ್ತು ಕೊಳ್ಳುತ್ತದೆ’ ಅನ್ನುವ ಅರ್ಥದ ದೊಡ್ಡ ಅಕ್ಷರಗಳು ಇವತ್ತಿಗೂ ಇವೆ, ಕಾರ್ಖಾನೆಗಳ ಆ ಕಾಲ ಮುಗಿದು ಎಷ್ಟೋ ವರ್ಷವಾದರೂ. ಸ್ಟೆಫನಿ ಬೆಳೆದದ್ದು ಅಲ್ಲಿನ ಚೇಂಬರ್ಸ್‌ಬರ್ಗ್‌ನಲ್ಲಿ. ಜನರ ಬಾಯಲ್ಲಿ ಅದು ಬರೀ ಬರ್ಗ್. ಪುಸ್ತಕಗಳಲ್ಲಿ ಅದು ಇಟಲಿಯಿಂದ ಬಂದವರ ಸಾಲು ಮನೆಗಳು. ಯಾರ ಮನೆ ಮುಂದೆ ಯಾರ ಕಾರು ನಿಂತಿತ್ತು ಅನ್ನೋದು ಸಂಜೆಯೊಳಗೆ ಎಲ್ಲರಿಗೂ ಗೊತ್ತು. ನಮ್ಮ ಹಳೇ ವಠಾರದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಪತ್ತೇದಾರರು ಬೆರಳಚ್ಚು ಹುಡುಕಿದರೆ ಇವಳಿಗೆ ಸುಳಿವು ಸಿಗುವುದು ಹರಟೆಯಲ್ಲಿ. ಅಜ್ಜಿ ಮಜೂರ್‌ಗೆ ಶವ ನೋಡಲು ಹೋಗುವುದು ಅಂದರೆ ನಮ್ಮವರು ಜಾತ್ರೆಗೆ ಹೋದ ಹಾಗೆ, ಪೆಟ್ಟಿಗೆ ಮುಚ್ಚಿಟ್ಟಿದ್ದರೆ ಸಿಟ್ಟೇ ಬರುತ್ತದೆ. ಎರಡನೇ ಪುಸ್ತಕದಲ್ಲಂತೂ 24 ಶವಪೆಟ್ಟಿಗೆಗಳೇ ಕಾಣೆ. ಅಂಗಡಿಯ ಮೂಲೆಯಲ್ಲಿ ನನ್ನನ್ನು ನಿಲ್ಲಿಸಿದ್ದು ಅವೇ.

ಲೇಖಕಿಯ ಪರಿಚಯವನ್ನು ಪುಸ್ತಕದ ರಕ್ಷಾಪುಟದಿಂದ ಎತ್ತಿ ಹಾಗೇ ಇಟ್ಟಿದ್ದೀರಿ, ಗೊತ್ತಾಗುತ್ತದೆ. ಎರಡು ವಿಷಯ ಸಾಕು. ಇವಾನೊವಿಚ್ ಮೊದಲು ಬರೆಯುತ್ತಿದ್ದದ್ದು ಪ್ರೇಮ ಕಾದಂಬರಿ. 1988ರ ‘ಮಿಡ್‌ನೈಟ್ ರನ್’ ಸಿನಿಮಾದಲ್ಲಿ ರಾಬರ್ಟ್ ಡಿ ನೀರೋನ ಬೌಂಟಿ ಹಂಟರ್ ಪಾತ್ರ ನೋಡಿ ಈ ಕಸುಬಿನ ಕಡೆ ತಿರುಗಿದರು. ಉಳಿದದ್ದೆಲ್ಲ ತೆಗೆಯಿರಿ.

ಇನ್ನು ನಿಮ್ಮ ಹೊಗಳಿಕೆ. ಪುಸ್ತಕಗಳು 30 ದಾಟಿವೆ. ಹೆಸರುಗಳಲ್ಲಿ ಸಂಖ್ಯೆ ಏರುತ್ತಲೇ ಇದೆ, ನಾಯಕಿಯ ವಯಸ್ಸು ಮಾತ್ರ ಮೂವತ್ತರ ಆಸುಪಾಸಿನಲ್ಲೇ ನಿಂತಿದೆ. ಸ್ಟೆಫನಿ ಒಲಿಯುವುದು ಮೊರೆಲ್ಲಿಗೋ ರೇಂಜರ್‌ಗೋ ಅನ್ನುವ ಪ್ರಶ್ನೆ ನಮ್ಮ ಧಾರಾವಾಹಿಗಳನ್ನೂ ನಾಚಿಸುವಷ್ಟು ಎಳೆದಿದೆ. ಕಾರುಗಳು ಒಂದಾದ ಮೇಲೊಂದು ಸುಟ್ಟು ಹೋಗುತ್ತವೆ, ಹತ್ತನೆಯದರ ಹೊತ್ತಿಗೆ ಯಾವ ಪುಟದಲ್ಲಿ ಅಂತ ನಾವೇ ಊಹಿಸಬಹುದು. ಜತೆಗಾತಿ ಲೂಲಾಳ ಮೈಗಾತ್ರ, ತಿಂಡಿಪೋತತನದ ಮೇಲಿನ ನಗೆ ನನಗೆ ಎಷ್ಟೋ ಕಡೆ ಕಿರಿಕಿರಿ ಮಾಡಿದೆ. ಕಪ್ಪು ಹೆಂಗಸನ್ನು ಬರೀ ತಮಾಷೆಗೆ ಇಟ್ಟುಕೊಂಡರು ಅನ್ನಿಸುತ್ತದೆ. ಆದರೆ ಅಪಾಯದಲ್ಲಿ ಅವಳು ಹೇಳುವ ನೇರ ಮಾತು ಬೇರೆ ಯಾರ ಬಾಯಲ್ಲೂ ಬರುವುದಿಲ್ಲ ಅನ್ನೋದೂ ನಿಜ. ಇಂಥ ಇಕ್ಕಟ್ಟು ಲೇಖನದಲ್ಲಿ ಇರಬೇಕು. ಮೊದಲ ಪುಸ್ತಕವನ್ನು ಆಧರಿಸಿದ 2012ರ ಸಿನಿಮಾ ಬಗ್ಗೆ ನೀವು ಒಂದು ಪುಟ ಬರೆದಿದ್ದೀರಿ, ಎರಡು ಸಾಲಿಗೆ ಇಳಿಸಿ. ಸ್ಟೆಫನಿಯಾಗಿ ಕ್ಯಾಥರೀನ್ ಹೈಗಲ್ ಇದ್ದರೂ ವಿಮರ್ಶಕರು ಅದನ್ನು ಚೆನ್ನಾಗಿ ಬೈದರು. ನಗು ಇದ್ದದ್ದು ಘಟನೆಗಳಲ್ಲಿ ಮಾತ್ರ ಅಲ್ಲ, ಸ್ಟೆಫನಿ ತನ್ನ ಬಾಯಲ್ಲೇ ಕತೆ ಹೇಳುವ ಧಾಟಿಯಲ್ಲಿ. ಕ್ಯಾಮೆರಾಕ್ಕೆ ಅದು ಅಷ್ಟಾಗಿ ಸಿಗಲಿಲ್ಲ.

ಕೊನೆಯ ಪ್ಯಾರಾದಲ್ಲಿ ‘ಬೆಂಗಳೂರಿನಲ್ಲೂ ಇಂಥ ಬೌಂಟಿ ಹಂಟರ್ ನಾಯಕಿ ಬರಲಿ’ ಅಂದಿದ್ದೀರಿ. ಬರಲಾರಳು. ನಮ್ಮಲ್ಲಿ ಜಾಮೀನು ನಿಲ್ಲುವವರು ಭಾವನೋ, ದಾಯಾದಿಯೋ, ಸ್ನೇಹಿತನೋ. ಪಹಣಿ, ಆಧಾರ್ ಹಿಡಿದು ಕೋರ್ಟಿಗೆ ಹೋಗಿ ನಿಲ್ಲುತ್ತಾರೆ. ಆಸಾಮಿ ತಪ್ಪಿಸಿಕೊಂಡರೆ ವಾರಂಟ್ ಹಿಡಿದು ಹುಡುಕುವವರು ಪೊಲೀಸರು, ಜಾಮೀನುದಾರನಿಗೆ ಕೋರ್ಟಿನ ನೋಟಿಸ್. ಕಮಿಷನ್ನಿಗೆ ಹಿಡಿದು ತರುವ ಖಾಸಗಿ ಜನಕ್ಕೆ ಇಲ್ಲಿ ಜಾಗವೇ ಇಲ್ಲ. ಅಷ್ಟೇಕೆ, ನ್ಯೂಜೆರ್ಸಿಯೇ 2017ರ ಜನವರಿ 1ರಿಂದ ದುಡ್ಡಿನ ಜಾಮೀನನ್ನು ಹೆಚ್ಚುಕಡಿಮೆ ಕೈಬಿಟ್ಟಿದೆ. ಕಾಗದದ ಮೇಲೆ ವಿನ್ನಿಯ ಅಂಗಡಿ ಮುಚ್ಚಬೇಕಿತ್ತು. ಪುಸ್ತಕಗಳಲ್ಲಿ ಅದಿನ್ನೂ ನಡೆಯುತ್ತಿದೆ, ಓದುಗರೂ ಅದನ್ನು ದೊಡ್ಡದು ಮಾಡಿಲ್ಲ. ಇದು ನಿಮ್ಮ ಲೇಖನದಲ್ಲಿ ಬಂದರೆ ನನಗೆ ಖುಷಿ.

ನಮ್ಮಲ್ಲೇ ಒಂದು ಕತೆ ಬರೆಯುವ ಆಸೆ ಇದ್ದರೆ, ಸಾಲದ ಕಂತು ಕಟ್ಟದವರ ಗಾಡಿ ಸೀಜ್ ಮಾಡುವ ಜನರ ಕಡೆ ನೋಡಿ. ಬೆಳಗಿನ ಜಾವ ಐದಕ್ಕೆ ಯಾರದೋ ಮನೆ ಮುಂದೆ ನಿಂತು ನಂಬರ್ ಪ್ಲೇಟ್ ಹುಡುಕುವ ಒಬ್ಬ ಹುಡುಗಿ. ಅವಳ ಸ್ಕೂಟರಿನದೇ ಎರಡು ಕಂತು ಬಾಕಿ. ಅದನ್ನು ಬೇರೆಯಾಗಿ ಕಳಿಸಿ, ಓದುತ್ತೇನೆ.

ಈ ಲೇಖನವನ್ನು ಅರ್ಧಕ್ಕೆ ಇಳಿಸಿ, ಕೋಳಿಯಿಂದ ಶುರು ಮಾಡಿ ಮತ್ತೆ ಕಳಿಸಿ. ಅವಸರ ಇಲ್ಲ, ಮುಂದಿನ ತಿಂಗಳಾದರೂ ಪರವಾಗಿಲ್ಲ. ಹಾಂ, ಇನ್ನೊಂದು. ರೆಕ್ಸ್‌ನನ್ನು ಎರಡನೇ ಪುಟದಲ್ಲಿ ಇಲಿ ಅಂದಿದ್ದೀರಿ, ನಾಲ್ಕನೇ ಪುಟಕ್ಕೆ ಬರುವಾಗ ಮೊಲ ಆಗಿದೆ. ಹ್ಯಾಮ್‌ಸ್ಟರ್ ಅಂತಲೇ ಬಿಡಿ.