ಪ್ರತಿಕ್ರಿಯೆ: ಮರಳು ಹೊಲದಲ್ಲಿ ಹಳದಿಯಾಗುತ್ತಿರುವ ಈರುಳ್ಳಿ

ಚಳ್ಳಕೆರೆ ಕಡೆಯ ನಿಮ್ಮ ಮರಳು ಹೊಲದಲ್ಲಿ ಯೂರಿಯಾ ಹಾಕಿದ ಮೇಲೂ ಈರುಳ್ಳಿ ಹಳದಿಯಾಗುತ್ತಿರುವುದಕ್ಕೆ ಬಹುಮಟ್ಟಿಗೆ ಕಾರಣ, ಸಾರಜನಕವು ನೀರಿನೊಡನೆ ಬಸಿದುಹೋಗಿರುವುದು. ಜೇಡಿಯೂ ಸಾವಯವ ಅಂಶವೂ ಕಡಿಮೆಯಿರುವ ಮಣ್ಣು ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳಲಾರದು. ಈರುಳ್ಳಿಯ ಬೇರು ಮೇಲ್ಪದರದಲ್ಲೇ ಹರಡುವುದರಿಂದ ಆಳಕ್ಕಿಳಿದ ಗೊಬ್ಬರ ಅದಕ್ಕೆ ಮತ್ತೆ ಸಿಗುವುದೂ ಇಲ್ಲ.

ಮೊದಲು ಎಲೆಗಳನ್ನು ಹತ್ತಿರದಿಂದ ನೋಡಿ. ಹಳೆಯ ಎಲೆಗಳು ತುದಿಯಿಂದ ಹಳದಿಯಾಗಿದ್ದರೆ ಸಾರಜನಕದ ಕೊರತೆ. ಎಳೆಯ ಎಲೆಗಳೇ ಬಿಳಿಚಿಕೊಂಡಿದ್ದರೆ ಗಂಧಕದ ಕೊರತೆಯಿರಬಹುದು, ಆದರೆ ಕಣ್ಣಂದಾಜಿನಲ್ಲಿ ಇದನ್ನು ಖಚಿತವಾಗಿ ಹೇಳಲಾಗದು. ನೇರಳೆ ಮಚ್ಚೆಗಳಿದ್ದರೆ ಅದು ರೋಗ, ಗೊಬ್ಬರದಿಂದ ವಾಸಿಯಾಗುವುದಿಲ್ಲ.

ಕೊರತೆಯೇ ಆಗಿದ್ದರೆ, ಉಳಿದ ಸಾರಜನಕವನ್ನು ಒಮ್ಮೆಲೇ ಸುರಿಯದೆ ಎರಡು ಮೂರು ಕಂತುಗಳಲ್ಲಿ ಅಮೋನಿಯಂ ಸಲ್ಫೇಟ್ ರೂಪದಲ್ಲಿ ಕೊಡಿ. ಅದರಲ್ಲಿ ಸುಮಾರು ಶೇ. 21 ಸಾರಜನಕ, ಶೇ. 24 ಗಂಧಕ ಇರುವುದರಿಂದ ಎರಡೂ ಕೊರತೆ ನೀಗುತ್ತದೆ. ನೀರನ್ನು ಸ್ವಲ್ಪ ಸ್ವಲ್ಪವಾಗಿ, ಬೇಗ ಬೇಗ ಹಾಯಿಸಿ. ಗಡ್ಡೆ ದಪ್ಪವಾಗತೊಡಗಿದ ಮೇಲೆ ಸಾರಜನಕ ಬೇಡವೇ ಬೇಡ, ಕೊಟ್ಟರೆ ಗಡ್ಡೆಯ ಕತ್ತು ದಪ್ಪವಾಗಿ ದಾಸ್ತಾನಿನಲ್ಲಿ ಕೊಳೆಯುತ್ತದೆ.

ಮುಂದಿನ ಬಿತ್ತನೆಗೆ ಮುನ್ನ ಕೆರೆಗೋಡನ್ನೂ (ಕೆರೆಯ ಹೂಳು ಮಣ್ಣು) ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಹೊಡೆಸಿ, ಹಿರಿಯೂರಿನ ಬಬ್ಬೂರು ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ.